ಚೀಟಿ ಕಳಚಿದ ಬಾಟಲಿಗಳು

ಎಡವಟ್ಟಾದದ್ದು ಲ್ಯಾಬಕ್ಕನ ಸ್ವಚ್ಛತೆಯ ಹುಚ್ಚಿನಿಂದ. ಹತ್ತೊಂಬತ್ತು ವರ್ಷದಿಂದ ಶಾಲೆಯ ಪ್ರಯೋಗಾಲಯವನ್ನು ಗುಡಿಸಿ ಒರೆಸಿ ಕಾಯುತ್ತಿದ್ದ ಆಕೆಗೆ ಮಕ್ಕಳೇ ಇಟ್ಟ ಹೆಸರದು. ಆ ಬೆಳಿಗ್ಗೆ, ಪಾಠಕ್ಕೆಂದು ತೆಗೆದಿಟ್ಟಿದ್ದ ಮೂರು ಬಾಟಲಿಗಳನ್ನು ಸೋಪಿನ ನೀರಲ್ಲಿ ಗಸಗಸ ತಿಕ್ಕಿದಳು. ಬಾಟಲಿಗಳು ಫಳಫಳ ಹೊಳೆದವು. ಹೆಸರಿನ ಚೀಟಿಗಳು ಮೋರಿ ಸೇರಿದವು.

ಹಳದಿ ಪುಡಿ ಗಂಧಕ, ಅಂದರೆ ಧಾತು. ಅದಕ್ಕೆ ಚೀಟಿಯ ಹಂಗಿಲ್ಲ. ಉಳಿದೆರಡೂ ಕಪ್ಪು ಕಪ್ಪು, ಥೇಟ್ ಅವಳಿಜವಳಿ. ಒಂದು, ಚೂರೇ ಚೂರು ಗಂಧಕಕ್ಕೆ ಕಬ್ಬಿಣದ ಪುಡಿ ಬೆರೆಸಿದ ಮಿಶ್ರಣ. ಇನ್ನೊಂದು ಅವೆರಡನ್ನೂ ಕಾಯಿಸಿ ಒಂದಾಗಿಸಿದ ಸಂಯುಕ್ತ. ಯಾವುದು ಯಾವುದೋ!

ವಿಜ್ಞಾನದ ಮೇಡಂ ಮೊನ್ನೆಯೇ ಗದರಿದ್ದರು: "ಇನ್ನೊಂದು ತಪ್ಪಾದ್ರೆ ನಿಮ್ಮನ್ನ ಆಫೀಸಿಗೆ ಹಾಕಿಸ್ತೀನಿ. ಫೈಲು ಹೊತ್ಕೊಂಡಿರಿ." ಲ್ಯಾಬ್ ಬಿಡುವುದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು. ಕಸಬರಿಗೆ ಹಿಡಿದು ನಿಂತು ಕೇಳಿದ ಪಾಠಗಳೇ ಅವಳ ವಿದ್ಯೆ.

ಮಿಶ್ರಣದ ಕಬ್ಬಿಣ ಆಯಸ್ಕಾಂತಕ್ಕೆ ಓಗೊಡುತ್ತದೆ, ಸಂಯುಕ್ತದ್ದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಇಷ್ಟು ನೆನಪಿತ್ತು. ಎರಡರಿಂದಲೂ ಚಮಚದಷ್ಟು ಸುರಿದು, ಆಯಸ್ಕಾಂತಕ್ಕೆ ಕಾಗದ ಸುತ್ತಿದಳು. ಬರಿಯದನ್ನು ಅದ್ದಿದರೆ ಅಂಟಿದ ಪುಡಿ ಕೆರೆಯುವ ಗೋಳು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು?

ಮೊದಲ ಪುಡಿಯಿಂದ ಕಬ್ಬಿಣ ಚಂಗನೆ ಜಿಗಿಯಿತು. ಭಲೇ! ಆದರೆ ಎರಡನೆಯದರಿಂದಲೂ ನಾಲ್ಕಾರು ಕಣ ಎದ್ದುಬಂದವು. ಅವಳು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು.

"ಇದೇನಪ್ಪಾ ಇದು, ಇಬ್ರೂ ಕಳ್ಳರೇ?"

ಭೂತಗನ್ನಡಿ ಹಿಡಿದು ಬಗ್ಗಿದಳು. ಮೊದಲ ರಾಶಿಯಲ್ಲಿ ಹಳದಿ ಕಣವೇ ಬೇರೆ, ಬೂದು ಕಣವೇ ಬೇರೆ, ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಎರಡನೆಯದರಲ್ಲಿ ಹಳದಿಯ ಸುಳಿವೇ ಇಲ್ಲ. ಕಪ್ಪಿನ ನಡುವೆ ಅಲ್ಲೊಂದು ಇಲ್ಲೊಂದು ಹೊಳೆಯುವ ಬೂದು ಚೂರು. ಇವು ಎಲ್ಲಿಂದ ಬಂದವು? ಹೆದರಿಕೆ ಎತ್ತ ಹೋಯಿತೋ, ಅವಳಿಗೆ ಮೇಡಂ ಒಳಬಂದದ್ದೂ ತಿಳಿಯಲಿಲ್ಲ.

"ಚೀಟಿ ಎಲ್ಲಿ?"

"ತೊಳೆದ್ಬಿಟ್ಟೆ ಮೇಡಂ, ತಪ್ಪಾಯ್ತು. ಇದು ಮಿಶ್ರಣ. ಆದ್ರೆ ಇದಕ್ಕೆ ಸಂಯುಕ್ತ ಅಂತ ಬರೆಯೋಕೆ ನಂಗೆ ಮನಸ್ಸೊಪ್ಪಲ್ಲ. ಗಂಧಕ ಸಾಲದೆ ಒಂಚೂರು ಕಬ್ಬಿಣ ಹಾಗೇ ಉಳ್ಕೊಂಡಿದೆ."

ಮೇಡಂ ಆಯಸ್ಕಾಂತ ಕಸಿದು ತಾವೇ ಆಡಿಸಿದರು. ಕಣಗಳು ಎದ್ದವು. ಅವರ ಮುಖ ಪೆಚ್ಚಾಯಿತು. ಹೋದ ವಾರ ತೂಕ ಮಾಡದೆ, ಕಣ್ಣಂದಾಜಿನಲ್ಲಿ ಬೆರೆಸಿ ಕಾಯಿಸಿದವರು ಅವರೇ.

"ಇದನ್ನೆಲ್ಲ ನಿಮಗ್ಯಾರು ಹೇಳ್ಕೊಟ್ಟಿದ್ದು?"

"ನೀವೇ. ನಿಮಗಿಂತ ಮುಂಚೆ ಇದ್ದ ಮೇಷ್ಟ್ರೂ. ನಿಂತಲ್ಲೇ ಕಿವಿಗೆ ಬಿದ್ದಷ್ಟು."

ಗಂಟೆ ಹೊಡೆಯಿತು, ಮಕ್ಕಳು ನುಗ್ಗಿದರು. ಮೇಡಂ ಮೊದಲ ಸಾಲಿನ ಸ್ಟೂಲೊಂದನ್ನು ಎಳೆದರು. "ಆಫೀಸಿನ ಮಾತು ಬಿಡಿ ಅಕ್ಕ. ಕೂತ್ಕೊಳ್ಳಿ."

ಲ್ಯಾಬಕ್ಕ ಸಂಕೋಚದಿಂದ ಸ್ಟೂಲಿನ ಅಂಚಿಗೆ ಕೂತಳು. ಪಾಠ ಶುರುವಾಗುವ ಮೊದಲೇ ಕೈ ಎತ್ತಿದಳು.

"ಮೇಡಂ, ಕಬ್ಬಿಣ ಒಳಗೇ ಇದ್ರೂ ಸಂಯುಕ್ತದಿಂದ ಯಾಕೆ ಎದ್ದು ಬರಲ್ಲ?"