ನಲವತ್ತು ನಿಮಿಷಕ್ಕೊಂದು ಚಿತ್ರ

ಕಂಪ್ಯೂಟರಿನ ಪ್ಲಗ್ ಕೀಳಲು ಬಗ್ಗಿದ ವಿಶ್ವಾಸ, ಅತ್ತಿಗೆ ಕುಮುದರ ಕೂಗಿಗೆ ಬಗ್ಗಿದ ಹಾಗೆಯೇ ನಿಂತ.

"ಅದಕ್ಕ ಕೈ ಹಚ್ಚಬ್ಯಾಡ್ರಿ!"

"ವೈನಿ, ಅಣ್ಣನ್ನ ಇಡೂ ಐಸ್ ಪೆಟ್ಟಿಗಿಗೆ ಕರೆಂಟ್ ಬ್ಯಾಡೇನು? ಎರಡೂ ಹಚ್ಚಿದ್ರ ಫ್ಯೂಸ್ ಹೋಗ್ತದ. ನಾಗಪುರದಿಂದ ನಿಮ್ಮ ಮಗಳು ಬರೂದು ಸಂಜಿಗೆ."

"ಬರ್ಫದ ಗಡ್ಡಿ ತರ್ರಿ. ಮೀನಿನ ಮಾರ್ಕೆಟ್‌ನಾಗ ಸಿಗ್ತದ."

"ಜನ್ಮದಾಗ ತತ್ತಿ ಮುಟ್ಟದ ಅಣ್ಣಗ ಮೀನಿನ ಬರ್ಫ!" ಎಂದು ಗೊಣಗುತ್ತಲೇ ವಿಶ್ವಾಸ ಸ್ಕೂಟರಿನ ಕೀಲಿ ಹುಡುಕಿದ.

ಹೀಗೆ ಪುಣೆಯ ಆ ಎರಡು ಕೋಣೆಯ ಮನೆಯಲ್ಲಿ ತೀರಿಕೊಂಡ ಮುಕುಂದ ಲಿಮಯೆ ಮಂಜುಗಡ್ಡೆಯ ನಡುವೆ ನೆಲದ ಮೇಲೆ ಮಲಗಿದರು. ಅವರ ಕಂಪ್ಯೂಟರ್ ಫ್ಯಾನಿನ ಗಾಳಿ ತೆಗೆದುಕೊಳ್ಳುತ್ತ ಕೆಲಸ ಮುಂದುವರಿಸಿತು. ಅವರು ಸಾಯುವ ಮೊದಲು ಹಚ್ಚಿಟ್ಟಿದ್ದ, ಎರಡು ಗ್ಯಾಲಕ್ಸಿಗಳು ಡಿಕ್ಕಿ ಹೊಡೆಯುವ ಸಿನಿಮಾ ಅದರಲ್ಲಿ ತಯಾರಾಗುತ್ತಿತ್ತು. ನಲವತ್ತು ನಿಮಿಷಕ್ಕೊಂದು ಚಿತ್ರ. ಇನ್ನೂ ಹನ್ನೊಂದು ದಿನದ ಕೆಲಸವಿತ್ತು.

ಗೋಡೆಗೊರಗಿ ಕೂತಿದ್ದ ಚಾರುಶೀಲಾ ನೇನೆ, ಕಂಪ್ಯೂಟರಿನ ತೆರೆಯನ್ನು ನೋಡಬಾರದೆಂದು ಹೆಣವನ್ನೇ ನೋಡುತ್ತಿದ್ದಳು. ಖಗೋಳ ಸಂಸ್ಥೆಯ ವಿಜ್ಞಾನಿ. ಆ ಡಿಕ್ಕಿಯ ಲೆಕ್ಕ ಅವಳದೇ.

*

ಗಣಪತಿ ಮಂಟಪಗಳಿಗೆ ಪರದೆ ಬರೆಯುತ್ತಿದ್ದ ಲಿಮಯೆ ನಲವತ್ತೈದನೆಯ ವಯಸ್ಸಿನಲ್ಲಿ ಮೌಸ್ ಹಿಡಿದು ಸಂಸ್ಥೆ ಸೇರಿದವರು. ವಿಜ್ಞಾನಿಗಳು ಕೊಡುತ್ತಿದ್ದುದು ಬರೀ ಅಂಕಿ. ಬಣ್ಣ, ಬೆಳಕು, ಎಲ್ಲಿ ನಿಂತು ನೋಡಬೇಕೆಂಬುದು ಅವರದು.

"ಒಂದು ಲೆಕ್ಕಕ್ಕೂ ಮುಂದಿನ ಲೆಕ್ಕಕ್ಕೂ ನಡುವ ಎಷ್ಟು ಕಾಲ, ಚಾರು?"

"ಐವತ್ತು ಲಕ್ಷ ವರ್ಷ, ಕಾಕಾ."

"ಅಷ್ಟೊತ್ತು ಅವು ಏನ್ ಮಾಡ್ತಾವ?"

"ನಮಗ ಗೊತ್ತಿಲ್ಲ. ನೀವ ತುಂಬ್ರಿ."

"ನಿಮ್ಮ ಅಜ್ಞಾನಕ್ಕ ನನಗ ಪಗಾರ!"

ನಿವೃತ್ತಿಯಾಗಿ, ಕ್ಯಾನ್ಸರೂ ಬಂದ ಮೇಲೆ ಈ ಅಂಕಿಗಳನ್ನು ಅವಳೇ ಮನೆಗೆ ತಂದುಕೊಟ್ಟಿದ್ದಳು. ಡಿಕ್ಕಿಯಲ್ಲಿ ಚಿಮ್ಮಿ ಹುಟ್ಟುವ ಎಳೆಯ ನಕ್ಷತ್ರಗಳ ಒಂದು ನೀಲಿ ಬಾಲಕ್ಕೆ ಅವರು ಏಳು ತಿಂಗಳು ಸವೆಸಿದರು. ನಾಲ್ಕನೆಯ ತಿಂಗಳಲ್ಲಿ ಚಾರುಶೀಲೆಗೆ ತನ್ನ ತಪ್ಪು ಕಣ್ಣಿಗೆ ಬಿತ್ತು. ಲೆಕ್ಕದಲ್ಲಿ ಅನಿಲ ಹತ್ತು ಪಟ್ಟು ಬೇಗ ತಣ್ಣಗಾಗಿತ್ತು, ಅದಕ್ಕೇ ಅಲ್ಲಿ ಅಷ್ಟು ನಕ್ಷತ್ರ ಹುಟ್ಟಿದ್ದವು. ಸರಿಪಡಿಸಿದರೆ ಬಾಲವೇ ಇರಲಿಲ್ಲ. ಹೇಳಿಬಿಡಬೇಕೆಂದು ಹೋದ ದಿನ ಅವರು ವಾಂತಿಯ ಬಕೆಟ್ಟಿನ ಪಕ್ಕ ಕೂತು, "ಇಂಥಾ ನೀಲಿ ನನ್ನ ಕೈಲಿಂದ ಎಂದೂ ಬಂದಿರಲಿಲ್ಲ ನೋಡು," ಎಂದರು.

ಅವಳು ಚಹಾ ಕುಡಿದು ಬಂದಳು.

*

ಸಂಜೆ ಮಗಳು ಬಂದಳು, ಹೆಣ ಹೋಯಿತು. ನೆಲದ ನೀರು ಒರೆಸಿ ಕುಮುದ ಚಾರುಶೀಲೆಯ ಪಕ್ಕ ಕೂತರು.

"ಮುಗಿದ ಮ್ಯಾಲ ಎಲ್ಲೆ ತೋರಸ್ತೀರಿ, ಚಾರು? ಈ ಸಲನಾದ್ರೂ ಇವರ ಹೆಸರು ಹಾಕ್ತೀರಿಲ್ಲೊ? ಹದಿನೈದು ವರ್ಷ ಎಲ್ಲೂ ಹಾಕಲಿಲ್ಲ."

"ಕಾಕು..."

"ಏನ?"

ಅವಳ ಕೈ ಹಿಡಿದಿದ್ದ ಕುಮುದರ ಕೈ ಇನ್ನೂ ಬರ್ಫದಷ್ಟು ತಣ್ಣಗಿತ್ತು.

"ಹಾಕ್ತೀವಿ. ಮೊದಲನೇ ಹೆಸರು ಅವರದ."

ತೆರೆಯ ಮೇಲೆ ಹೊಸ ಚಿತ್ರ ಬಂತು. ಬಾಲ ಕೂದಲೆಳೆಯಷ್ಟು ಬೆಳೆದಿತ್ತು. ಲಿಮಯೆಯವರ ತಾಯಿ, ಎಂಬತ್ತೆಂಟರ ಮುದುಕಿ, ಗೋಡೆ ಹಿಡಿದು ಎದ್ದು ಬಂದರು. ಆ ನೀಲಿಯನ್ನು ಎರಡು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದನ್ನು ನೋಡಿ ಮನೆಯಲ್ಲಿ ನೆರೆದಿದ್ದ ಉಳಿದ ಹೆಂಗಸರೂ ಸೆರಗು ಸರಿಪಡಿಸಿಕೊಂಡು ಒಬ್ಬೊಬ್ಬರಾಗಿ ಹಿಂದೆ ನಿಂತರು.

ಮುದುಕಿ ಪಕ್ಕಕ್ಕೆ ಸರಿದು ಚಾರುಶೀಲೆಗೂ ಮುಟ್ಟಲು ಜಾಗ ಬಿಟ್ಟರು.