ಕೂಜೆಗೊಂದು ಸಿಂಬೆ

ಅಲಿಯಬ್ಬ ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ ಮುಂದೆ ಚಾಚಿದ. ಸೌದಿಯಲ್ಲಿ ಹಾಗೆ ಮಾಡಿದರೆ ಸಾಕು ಎಂದು ಅರ್ಥ, ಬಾಯಿ ಬಿಟ್ಟು ಹೇಳಬೇಕಿಲ್ಲ. ಆದರೆ ಇದು ಅಡಿಸ್ ಅಬಾಬಾ. ರಸ್ತೆ ಬದಿಯಲ್ಲಿ ಹಸಿ ಹುಲ್ಲು ಹಾಸಿ ಕಾಫಿ ಮಾರುತ್ತಿದ್ದ ಹಯಾತ್ ಎಂಬ ಹೆಂಗಸು ಬಟ್ಟಲನ್ನು ತೊಳೆದು ಮತ್ತೆ ಅವನ ಮುಂದೆಯೇ ಇಟ್ಟಳು. ಕರಿಮಣ್ಣಿನ ಕೂಜೆಗೆ ಇನ್ನಷ್ಟು ನೀರು ಹೊಯ್ದು ಕೆಂಡದ ಮೇಲೆ ಏರಿಸಿದಳು.

ಅವನು ಆಗಲೇ ಎದ್ದು ನಿಂತಾಗಿತ್ತು. "ಯಲ್ಲಾ ಸಫಿಯತ್, ಏಳು, ಕಾಫಿ ಆಯ್ತಲ್ಲ."

ಹೆಂಡತಿ ಸಫಿಯತ್ ಕೂತಿದ್ದ ಮೋಟು ಮಣೆಯಿಂದ ಅಲುಗಲಿಲ್ಲ.

ಖಮೀಸ್ ಮುಶೈತ್‌ನ ಬಕಾಲಾದಲ್ಲಿ, ಅಂದರೆ ದಿನಸಿ ಅಂಗಡಿಯಲ್ಲಿ, ಅಲಿಯಬ್ಬನ ಗಡ್ಡ ನರೆತದ್ದು. ಮಕ್ಕಳ ಮದುವೆ ಎಲ್ಲ ಮುಗಿದ ಮೇಲೆ ಮೊದಲ ಸಲ ಹೆಂಡತಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡಿದ್ದ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳಿಗೆ ಕಿಟಕಿಯೇ ಗತಿ. ಕಿಟಕಿಯಿಂದ ಕಾಣುವುದು ನಿಲ್ಲಿಸಿದ ಕಾರುಗಳು ಮಾತ್ರ. ಇವನು ಮಧ್ಯಾಹ್ನ ಮೇಲೆ ಬಂದು ನಾಲ್ಕು ತುತ್ತು ಉಂಡು, ಕೈ ಒದ್ದೆ ಇರುವಾಗಲೇ ಮೆಟ್ಟಿಲು ಇಳಿಯುತ್ತಿದ್ದ. ಆ ವೀಸಾದವರು ಮೂರು ತಿಂಗಳಿಗೊಮ್ಮೆ ದೇಶದ ಹೊರಗೆ ಕಾಲಿಟ್ಟು ಬರಬೇಕು. ಹೊರಡುವ ದಿನ ಹತ್ತಿರ ಬಂದಾಗ ಸಫಿಯತ್ ನೀರುಳ್ಳಿ ಹೆಚ್ಚುತ್ತಾ, ವಾಪಸ್ ಬರುವಾಗ ಜಿದ್ದಾದಿಂದ ನನ್ನನ್ನು ಊರಿನ ವಿಮಾನ ಹತ್ತಿಸಿಬಿಡಿ ಅಂದಳು. ಸಿಟ್ಟು ಇರಲಿಲ್ಲ ಮಾತಿನಲ್ಲಿ. ಅದೇ ಅವನನ್ನು ಹೆದರಿಸಿದ್ದು. ಜಿದ್ದಾದಲ್ಲೇ ಟಿಕೆಟ್ ತೆಗೆದರಾಯಿತು ಎಂದು ಹೇಳಿ, ಅವಳಿಗೆ ತಿಳಿಸದೆ ಖಮೀಸಿನ ಪಕ್ಕದ ಅಭಾ ತನಕ ಇಬ್ಬರಿಗೂ ವಾಪಸ್ ಟಿಕೆಟ್ ಮಾಡಿಸಿದ್ದ.

ಪಕ್ಕದ ಮೊಬೈಲ್ ಅಂಗಡಿಯ ಝುಬೈರ್ ತಮಾಷೆ ಮಾಡಿದ್ದ. "ಎಲ್ಲರೂ ಬಹರೈನ್‌ಗೆ ಹೋಗಿ ಒಂದು ಚಾ ಕುಡಿದು ಬರ್ತಾರೆ. ನೀವು ಎಂತ ಅಲಿಯಬ್ಬಾಕ, ಸಿಂಹ ನೋಡ್ಲಿಕ್ಕೆ ಹೊರಟದ್ದಾ?"

ಅಲಿಯಬ್ಬ ನಕ್ಕಿದ್ದ. ಓದಿದ್ದು ಮದ್ರಸದಲ್ಲಿ ಮಾತ್ರ. ಅಲ್ಲಿ ಉಸ್ತಾದರು ಹೇಳಿದ್ದ ದೂರದ ನಾಡುಗಳಲ್ಲಿ ಅವನಿಗೆ ನೆನಪುಳಿದದ್ದು ಅಡಿಸ್ ಅಬಾಬಾ ಇರುವ ಹಬಶ ಒಂದೇ. ದಿಕ್ಕಿಲ್ಲದೆ ಕಡಲು ದಾಟಿ ಬಂದವರನ್ನು ಕೂರಿಸಿ ಅವರ ಮಾತು ಕೇಳಿದ ರಾಜನ ನಾಡು.

ಆ ನಾಡಿನ ಪಟ್ಟಣವನ್ನು ಬೆಳಿಗ್ಗೆಯಿಂದ ಕಣ್ತುಂಬ ನೋಡಿದ್ದಾಯಿತು. ನೀಲಗಿರಿ ಮರಗಳ ಗುಡ್ಡ, ಗುಡ್ಡದ ತಲೆಗೆ ಮೋಡ, ರಸ್ತೆಯ ಮೇಲೆ ಕಟ್ಟಿದ ಸೇತುವೆಯಲ್ಲಿ ಓಡುವ ರೈಲು. ದೊಡ್ಡ ಪೇಟೆಯ ಅನ್ವರ್ ಮಸೀದಿಯ ಮಗ್ಗುಲಲ್ಲೇ ಇಗರ್ಜಿ. ಬಾಂಗಿಗೂ ಗಂಟೆಗೂ ಜಗಳವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಜನ ನಡೆಯುತ್ತಿದ್ದರು. ಬಿಳಿ ಶಾಲಿನ ಅಜ್ಜಿಯರು, ಬೂಟಿಗೆ ಪಾಲಿಶ್ ಹಾಕಿಸಿಕೊಂಡ ಗಂಡಸರು, ಎಲ್ಲರೂ ಕಾಲ್ನಡಿಗೆ. ಅವರ ನಡುವೆ ಸಫಿಯತ್ ಮುಂದೆ ಮುಂದೆ ಹೋಗುತ್ತಿದ್ದಳು. ಮೆಣಸಿನ ರಾಶಿಗೆ ಮೂಗು ಹಿಡಿದು, ಬೆರಳಲ್ಲೇ ಕ್ರಯ ಮಾತಾಡಿ, ಮಾರುವವಳನ್ನು ನಗಿಸಿ ಮುಂದಿನ ಅಂಗಡಿಗೆ ದಾಟಿಬಿಡುತ್ತಿದ್ದಳು. ತನ್ನ ಹೆಂಡತಿ ಇಷ್ಟು ಬೀಸಾಗಿ ನಡೆಯುತ್ತಾಳೆಂದು ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದ ಅಲಿಯಬ್ಬನಿಗೆ ಗೊತ್ತೇ ಇರಲಿಲ್ಲ.

ಈಗ ಹಯಾತ್ ಅವನತ್ತ ತಲೆಯೆತ್ತಿ ನೋಡಿದಳು. ಅಭಾದ ಒಂದು ಮನೆಯಲ್ಲಿ ಕೆಲಸಕ್ಕಿದ್ದವಳು, ಅರಬ್ಬಿ ಬರುತ್ತಿತ್ತು. ಬಟ್ಟಲು ಅಲ್ಲಾಡಿಸುವುದು ಅಲ್ಲಿಯ ಕ್ರಮ, ಗೊತ್ತುಂಟು, ಇಲ್ಲಿ ಅದು ನಡೆಯುವುದಿಲ್ಲ ಎಂದಳು. ಇಲ್ಲಿ ಒಂದೇ ಪುಡಿಗೆ ನೀರು ಹೊಯ್ದು ಮೂರು ಸಲ ಕಾಯಿಸುತ್ತಾರಂತೆ. ಮೂರನೆಯದು ಬರಕತ್ತಿನದು, ಕುಡಿದವರನ್ನು ಹರಸುವುದು. ಅದಕ್ಕೆ ಮೊದಲು ಎದ್ದು ಹೋದರೆ ಕೊಟ್ಟವರಿಗೆ ಬೇಸರ.

ಏನಂತೆ ಎಂದು ಸಫಿಯತ್ ಕೇಳಿದಳು. ಅವನು ನಿಂತುಕೊಂಡೇ ಹೇಳಿದ.

ಅವಳು ತೊಳೆದಿಟ್ಟ ಬಟ್ಟಲನ್ನು ಅವನತ್ತ ಸರಿಸಿದಳು. "ಊರಿಗೆ ಬಂದಾಗಲೂ ನೀವು ಹೀಗೇ. ಮೊದಲನೇ ಬಟ್ಟಲಿಗೇ ಎದ್ದು ಹೋದವರು."

ಅಲಿಯಬ್ಬ ಕೂತ.

ಎರಡನೆಯದು ಬಂತು. ಸಫಿಯತ್ ತಂಗಿಯ ಮೊಮ್ಮಗು ತೊದಲುವ ರೀತಿ ಮಾಡಿ ತೋರಿಸಿದಳು, ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಿಸೆಯಲ್ಲಿ ಫೋನು ನಡುಗಿತು, ತೆಗೆಯಲಿಲ್ಲ. ಮೂರನೆಯದು ತೆಳ್ಳಗೆ, ಹೆಚ್ಚುಕಡಿಮೆ ಬರೀ ಬಿಸಿನೀರು. ಆದರೂ ಅದು ಮುಗಿದುಹೋಗುವುದು ಇಬ್ಬರಿಗೂ ಬೇಕಿರಲಿಲ್ಲ. ಹೊರಡುವಾಗ ಸಫಿಯತ್ ಹಯಾತ್‌ಳ ಹತ್ತಿರವಿದ್ದ ಹೊಸ ಕೂಜೆಯೊಂದನ್ನು ಕೊಂಡುಕೊಂಡಳು. ಯಾವ ಮನೆಗೆ ಎಂದು ಕೇಳಲು ಅಲಿಯಬ್ಬನಿಗೆ ಬಾಯಿ ಬರಲಿಲ್ಲ.

ಜಿದ್ದಾದಲ್ಲಿ ಇಳಿದು, ಅವಳ ಪಾಸ್‌ಪೋರ್ಟಿಗೆ ಹೊಸ ಮುದ್ರೆ ಬಿದ್ದು, ಅಭಾ ವಿಮಾನದ ಗೇಟಿನ ಹತ್ತಿರ ಕೂತಾಗಲೂ ಅವನು ಕೇಳಿರಲಿಲ್ಲ. ಅವಳೂ ಊರಿನ ಟಿಕೆಟಿನ ಸುದ್ದಿ ಎತ್ತಲಿಲ್ಲ. ಕೂಜೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಉರುಟು ತಳವನ್ನು ಸವರುತ್ತಿದ್ದಳು.

"ಖಮೀಸಿನ ಗ್ಯಾಸಿನ ಒಲೆಯಲ್ಲಿ ಇದು ನಿಂತೀತಾ?" ಅಂದಳು.

ಅಲಿಯಬ್ಬ ಚಳಿಗೆಂದು ಕುತ್ತಿಗೆಗೆ ಸುತ್ತಿದ್ದ ಚೌಕಳಿ ಶಾಲು ಬಿಚ್ಚಿದ. ಅವನ ಉಮ್ಮ ಕೊಡಪಾನ ಹೊರಲು ಮಾಡುತ್ತಿದ್ದ ಹಾಗೆ ಅದನ್ನು ಹೊಸೆದು, ಸುತ್ತಿ, ತುದಿ ಸಿಕ್ಕಿಸಿ ಸಿಂಬೆ ಮಾಡಿ ಇಬ್ಬರ ನಡುವಿನ ಕುರ್ಚಿಯ ಮೇಲಿಟ್ಟ. ಸಫಿಯತ್ ಕೂಜೆಯನ್ನು ಅದರ ಮೇಲೆ ಇಳಿಸಿದಳು. ಒಮ್ಮೆ ವಾಲಿ, ನಿಂತಿತು.

ಅಭಾ ವಿಮಾನಕ್ಕೆ ಕರೆದರು. ಜನ ದಡಬಡ ಎದ್ದು ಸಾಲುಗಟ್ಟಿದರು. ಅಲಿಯಬ್ಬ ಕಾಲು ಚಾಚಿ ಕೂತೇ ಇದ್ದ.