ಅತ್ತೆಗೆ ತಿಳಿಯದ ನಾತ

ನಮ್ಮ ಸೋದರತ್ತೆಗೆ ಮೂಗಿತ್ತು, ವಾಸನೆ ಮಾತ್ರ ತಿಳಿಯುತ್ತಿರಲಿಲ್ಲ. ನಡುವಯಸ್ಸಿನ ಯಾವುದೋ ಜ್ವರ ಆ ಒಂದು ಇಂದ್ರಿಯವನ್ನು ಹೊತ್ತುಕೊಂಡು ಹೋದ ಮೇಲೆ, ಹಾಲು ಹುಳಿಯಾದದ್ದಾಗಲಿ ಪಾತ್ರೆ ಸೀದದ್ದಾಗಲಿ ಅರಿವಾಗದೆ, ಎದುರಿನವರ ಮುಖ ಓದಿಯೇ ಲೋಕದ ಗಂಧ ದುರ್ಗಂಧಗಳನ್ನು ಊಹಿಸುವುದು ಅವಳಿಗೆ ರೂಢಿಯಾಗಿತ್ತು. ಬೀದಿಗೆ ತೆರೆದ ಕೋಣೆಯಲ್ಲಿ ಕೂತು ದರ್ಜಿಗಳು ಕೊಟ್ಟ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ತೀರಿಹೋದ ಮಾವನ ದೊಗಳೆ ಕೋಟನ್ನು ಬೇಸಗೆಯಲ್ಲೂ ಬಿಡದೆ ತೊಟ್ಟು, ಕಾಲಿಗಿಂತ ತಲೆಯೇ ಮುಂದಾಗಿ ನಡೆಯುತ್ತಿದ್ದಳು. ಮಾತಿನ ಕೊನೆಗೆ ‘ಅಲ್ವಾ?’ ಎಂಬ ಕೊಕ್ಕೆ ಇದ್ದೇ ಇರುತ್ತಿತ್ತು.

ಇಂಥವಳು ಕೆಟ್ಟ ನೀರಿನ ವಿರುದ್ಧ ಇಡೀ ಬೀದಿಗೆ ಮುಂದಾಳಾದದ್ದು ಹೇಗೆಂಬುದು ನನಗಿನ್ನೂ ಬಗೆಹರಿದಿಲ್ಲ. ನಲ್ಲಿಯಲ್ಲಿ ಚರಂಡಿಯ ನಾತ ಬರುತ್ತಿದೆಯೆಂದು ಎಲ್ಲರೂ ಗೊಣಗಿದರು. ಬೀದಿಯ ಕೊನೆಯ ಮನೆಯ ಮಗು ಕಾಮಾಲೆಯಾಗಿ ಹಾಸಿಗೆ ಹಿಡಿಯಿತು. ನೀರಿನ ಕಚೇರಿಗೆ ಹೊರಟವಳು ಮಾತ್ರ ಅತ್ತೆ, ಅವಳ ಹಿಂದೆ ಒಂದಷ್ಟು ಹೆಂಗಸರು, ಅವರ ಹಿಂದೆ ನಾನು. ಇಂಜಿನಿಯರು ನಾವು ಒಯ್ದಿದ್ದ ನೀರಿನ ಬಾಟಲಿಯನ್ನು ಮೂಸಿ, “ಏನೂ ಇಲ್ವಲ್ಲಮ್ಮ, ನೀವೇ ನೋಡಿ” ಎಂದು ಅವಳ ಕೈಗೇ ಕೊಟ್ಟ. ಅತ್ತೆ ಮೂಸಿದಳು, ತಬ್ಬಿಬ್ಬಾದಳು, “ನಂಗೆ ವಾಸನೆ ತಿಳಿಯಲ್ಲ ಸ್ವಾಮಿ” ಎಂದುಬಿಟ್ಟಳು. ಕಚೇರಿಯೆಲ್ಲ ನಕ್ಕಿತು.

“ಮತ್ತೆ ಯಾಕಮ್ಮ ಬಂದ್ರಿ?”

“ಇವರಿಗೆ ತಿಳಿಯುತ್ತಲ್ಲ! ಇವರಾದ್ರೆ ನಾಳೆ ಮಾಡ್ತೀವಿ ಅಂತ ಮೂಗಿಗೆ ತುಪ್ಪ ಸವರಿ ಕಳಿಸ್ತೀರಿ. ನನ್ನ ಮೂಗಿಗೆ ಸವರಿದ್ರೆ ಏನೂ ಉಪಯೋಗ ಇಲ್ಲ, ಅಲ್ವಾ?”

ಅದು ಚಾತುರ್ಯವೋ ಮುಗ್ಧತೆಯೋ ನನಗೆ ತಿಳಿಯಲಿಲ್ಲ. ಅಂತೂ ಆಳುಗಳು ಬಂದು ಬೀದಿ ಅಗೆದು, ಚರಂಡಿಯಲ್ಲಿ ಮುಳುಗಿದ್ದ ತುಕ್ಕು ಕೊಳವೆಯನ್ನು ಕಿತ್ತು ಹೊಸದನ್ನು ಹಾಕಿದರು.

ನಿಜವಾದ ಗೊಂದಲ ಶುರುವಾದದ್ದು ಆಮೇಲೆ. ನೀರು ಸರಿಹೋಯಿತೆಂದು ಬೀದಿಯೆಲ್ಲ ಒಪ್ಪಿತು. ಮಗುವಿನ ತಾಯಿಯೊಬ್ಬಳೇ “ನಮ್ಮನೇಲಿ ಇನ್ನೂ ನಾರುತ್ತೆ” ಎಂದಳು. “ಅವಳಿಗೆ ಹೆದರಿಕೆ, ಹಗ್ಗ ಕಂಡ್ರೂ ಹಾವು ಅಂತಾಳೆ” ಎಂದರು ಉಳಿದವರು. ಅತ್ತೆ ಆ ಮನೆಯ ನೀರನ್ನು ಲೋಟದಲ್ಲಿ ಹಿಡಿದು ಮನೆಯಿಂದ ಮನೆಗೆ ಅಲೆದಳು. ಮೂಸಿದವರ ಮುಖವನ್ನೆಲ್ಲ ದಿಟ್ಟಿಸಿದಳು, ನನ್ನದನ್ನೂ. ನನಗೋ ವಾಸನೆ ಬಂದಂತೆಯೂ ಇತ್ತು, ಬಾರದಂತೆಯೂ ಇತ್ತು.

“ನಿಂಗೂ ಗೊತ್ತಾಗಲ್ವೇನೋ?” ಎಂದಳು, ದನಿಯಲ್ಲಿ ತನ್ನ ಕುಲದವನೊಬ್ಬ ಸಿಕ್ಕಿದನೆಂಬ ಸಮಾಧಾನವಿತ್ತು. ಆಮೇಲೆ ಲೋಟವನ್ನು ಕೆಳಗಿಟ್ಟು ಹೇಳಿದಳು: “ಅವಳದು ಭ್ರಮೆ ಆದ್ರೆ ನಾಲ್ಕು ಜನ ನಗ್ತಾರೆ. ನಿಜ ಆದ್ರೆ ಮಗು ಕುಡೀತಾ ಇದೆ, ಅಲ್ವಾ?”

ಮರುದಿನ ಮತ್ತೆ ಕಚೇರಿಗೆ ಹೊರಟಾಗ ಹಿಂದೆ ಇದ್ದವರು ಆ ತಾಯಿ ಮತ್ತು ನಾನು, ಇಬ್ಬರೇ. ಬೈದುಕೊಂಡೇ ಬಂದ ಆಳುಗಳು ಅಗೆದು ನೋಡಿದರೆ, ಬೀದಿಯ ತಿರುವಿನಾಚೆ ಆ ಕೊನೆಯ ಮನೆಗೆ ಹೋಗುವ ಹಳೆಯ ಕೊಳವೆಯ ತುಂಡೊಂದು ಹಾಗೆಯೇ ಉಳಿದು ಕೊಳಚೆ ಹೀರುತ್ತಿತ್ತು. ಅದನ್ನೂ ಬದಲಿಸಿದರು. ತಾಯಿ ನೀರು ಹಿಡಿದು ಮೂಸಿ, ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಗೆದ್ದವಳ ಕಳೆ ಅತ್ತೆಯ ಮುಖದಲ್ಲಿರಲಿಲ್ಲ. “ಈಗ ಸರಿಯಾಯ್ತು ಅಂತ ನಂಬ್ಲೇನೋ?” ಎಂದು ನನ್ನನ್ನು ಕೇಳಿದಳು.

ತಮ್ಮ ಮೂಗಿಗೆ ಬಡಿದ ನಾತಕ್ಕಾಗಿ ಹೋರಾಡುವವರು ಅದು ಅಡಗಿದೊಡನೆ ಮನೆಗೆ ಮರಳುತ್ತಾರೆ. ಅದು ತಪ್ಪೂ ಅಲ್ಲ. ಪರರ ಸಂಕಟವನ್ನು ಪರರ ಬಾಯಿಂದಲೇ ಕೇಳಿ, ನಂಬಿ ಹೊರಟವರಿಗೆ ಮಾತ್ರ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. ಯಾರೋ ಒಬ್ಬರು ‘ಇನ್ನೂ ಇದೆ’ ಎನ್ನುತ್ತಿರುವವರೆಗೆ ಅವರಿಗೆ ಮನೆಯ ದಾರಿಯೇ ಕಾಣುವುದಿಲ್ಲ.